ಆರು ಸೆಕೆಂಡಿನ ಫೋಟೋ

ಬಿ.ಸಿ.ರೋಡಿನಲ್ಲಿ ರಾಮಪ್ರಸಾದ ಭಟ್ಟರ ಸ್ಟುಡಿಯೋ ಎಲ್ಲಿ ಎಂದು ಕೇಳಿದರೆ ರಿಕ್ಷಾದವರು ದಾರಿ ತೋರಿಸುವ ಮೊದಲು ಒಂದು ಮಾತು ವಿಚಾರಿಸುತ್ತಿದ್ದರು: "ಮದುವೆ ಫೋಟೋಕ್ಕಾ, ಬೇರೆ ಎಂತಕ್ಕಾದ್ರೂವಾ?" ಮದುವೆಗೆಂದರೆ ಪಾಣೆಮಂಗಳೂರಿನ ಇನ್ನೊಂದು ಸ್ಟುಡಿಯೋದ ಹೆಸರು ಹೇಳುತ್ತಿದ್ದರು. ಭಟ್ಟರ ಮೇಲೆ ಅವರಿಗೇನೂ ಸಿಟ್ಟಿರಲಿಲ್ಲ. ಹುಡುಗಿಯ ಬಣ್ಣ ಸ್ವಲ್ಪ ತಿಳಿ ಮಾಡಿ, ಹುಡುಗನ ಕೆನ್ನೆಯ ಮಚ್ಚೆ ತೆಗೆದುಬಿಡಿ ಎಂದು ಕೇಳಿಕೊಂಡು ಹೋದವರೆಲ್ಲ ಒಂದೇ ಉತ್ತರ ಕೇಳಿಸಿಕೊಂಡು ಮರಳಿದ್ದನ್ನು ಅವರು ನೋಡಿದ್ದರು. "ಇದ್ದದ್ದು ಇದ್ದ ಹಾಗೆ ಬೇಕಾದ್ರೆ ತೆಗೀತೇನೆ. ಇಲ್ಲದ್ದು ಬೇಕಾದ್ರೆ ಪೈಂಟರ್ ಹತ್ರ ಹೋಗಿ."

ಮದುವೆಗಳು ಹೀಗೆ ಕೈಬಿಟ್ಟು ಹೋದರೂ ಬೇರೆ ಕೆಲಸ ಅವರನ್ನು ಹುಡುಕಿಕೊಂಡು ಬರುತ್ತಿತ್ತು. ಗಡಿ ತಕರಾರಿನವರು, ವಿಮೆಯವರು, ಕಟ್ಟಡದ ಎಂಜಿನಿಯರುಗಳು, ಎಲ್ಲರಿಗಿಂತ ಹೆಚ್ಚಾಗಿ ಪೊಲೀಸರು. ರಸ್ತೆಯಲ್ಲಿ ಬಸ್ಸು ಮಗುಚಿದರೆ, ಹೊಳೆಯಲ್ಲಿ ಹೆಣ ತೇಲಿದರೆ ಮಹಜರಿನ ಫೋಟೋಕ್ಕೆ ಭಟ್ಟರಿಗೆ ಫೋನು ಬರುತ್ತಿತ್ತು. ಅವರು ಎಂತಹ ದೃಶ್ಯದ ಮುಂದೆಯೂ ಕೈ ನಡುಗಿಸದೆ ಕ್ಲಿಕ್ಕಿಸಿ, ಮನೆಗೆ ಬಂದು ಸ್ನಾನ ಮಾಡಿ, ಮಾತಾಡದೆ ಊಟ ಮಾಡುತ್ತಿದ್ದರು. ಹೆಂಡತಿ ಶುಭಶ್ರೀ ಅಂಥ ದಿನ ಏನೂ ಕೇಳುತ್ತಿರಲಿಲ್ಲ.

ಈ ಹಟ ಅವರಿಗೆ ತಂದೆಯಿಂದ ಬಂದದ್ದು. ಪರಮೇಶ್ವರ ಭಟ್ಟರು ಫಿಲ್ಮಿನ ಕಾಲದವರು. ಪ್ರಿಂಟಿನಲ್ಲಿ ಯಾರು ಏನು ಬೇಕಾದರೂ ಮಾಡಿಯಾರು, ಸಾಕ್ಷಿ ಹೇಳುವುದು ನೆಗೆಟಿವ್ ಎನ್ನುತ್ತಿದ್ದರು. ಡಿಜಿಟಲ್ ಬಂದ ಮೇಲೆ ಮಗನ ಮಟ್ಟಿಗೆ ಆ ನೆಗೆಟಿವಿನ ಜಾಗಕ್ಕೆ ಬಂದು ಕೂತದ್ದು ರಾ ಫೈಲ್. ನಾವು ಮೊಬೈಲಿನಲ್ಲಿ ಕಳಿಸಿಕೊಳ್ಳುವ ಮಾಮೂಲಿ ಫೋಟೋ ಕ್ಯಾಮೆರಾದ ಹೊಟ್ಟೆಯೊಳಗೇ ಬೆಂದು ಹೊರಬರುತ್ತದೆ. ಬಣ್ಣ ಏರಿಸಿ, ನೆರಳು ತಿಳಿಯಾಗಿಸಿ, ಕಾಳು ಕಾಳಾಗಿ ಕಾಣುವ ಕಲೆಗಳನ್ನು ಒರೆಸಿ, ಗಾತ್ರ ಕುಗ್ಗಿಸಿ ಕೊಡುತ್ತದೆ ಕ್ಯಾಮೆರಾ. ರಾ ಎಂದರೆ ಅದಾವುದೂ ಆಗದ, ಸೆನ್ಸರಿನ ಮೇಲೆ ಬಿದ್ದ ಬೆಳಕಿನ ಹಸಿ ದಾಖಲೆ. ಭಟ್ಟರು ಅದನ್ನು ಹಾಗೆಂದೇ ನಂಬಿದ್ದರು. ಕ್ಯಾಮೆರಾದ ಮೆನುವಿನಲ್ಲಿ ಒರೆಸುವ, ತಿದ್ದುವ ಆಯ್ಕೆಗಳನ್ನೆಲ್ಲ ಒಂದೊಂದಾಗಿ ಬಂದ್ ಮಾಡಿ ಇಟ್ಟಿದ್ದರು.

ಆ ವರ್ಷ ನವೆಂಬರಿನಲ್ಲಿ ತೋಡಾರಿನ ಬಳಿ ಹೊಸತಾಗಿ ಕಟ್ಟಿದ ಒಂದು ಸಭಾಭವನದ ಫೋಟೋ ತೆಗೆಯಲು ಅವರಿಗೆ ಕರೆ ಬಂತು. ದೀಪ ಹಾಕಿದ ಮೇಲೆ ಭವನ ಹೇಗೆ ಕಾಣುತ್ತದೆಂದು ಆಮಂತ್ರಣದಲ್ಲಿ ಅಚ್ಚು ಹಾಕಿಸಬೇಕು ಎಂದು ಮಾಲೀಕರ ಆಸೆ. ಭಟ್ಟರು ರಸ್ತೆಯ ಈಚೆಗಿನ ಗುಡ್ಡದ ಮನೆಯೊಂದರ ತಾರಸಿ ಹತ್ತಿ ಟ್ರೈಪಾಡ್ ನಿಲ್ಲಿಸಿದರು. ಎದುರಿಗೆ ಭವನ, ಅದರ ಕೆಳಗೆ ಮೂಡುಬಿದಿರೆಯ ರಸ್ತೆ. ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಮಣ್ಣಿನ ರಾಶಿ, ಜಲ್ಲಿ, ಒಂದು ಕಡೆ ಹೊಸ ಮೋರಿ ಕಟ್ಟಲು ತೋಡಿದ ಗುಂಡಿ. ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುವಾಗ, ಭವನದ ದೀಪಗಳೂ ಮಂಕಾಗದ ಹೊತ್ತು ನೋಡಿ, ಅವರು ಆರು ಸೆಕೆಂಡು ಷಟರ್ ತೆರೆದಿಟ್ಟು ಒಂದು ಫೋಟೋ ತೆಗೆದರು. ಗಂಟೆ ಆರು ನಲವತ್ತೊಂದು. ಪರದೆಯಲ್ಲಿ ನೋಡಿದರು, ಚೆನ್ನಾಗಿ ಬಂದಿತ್ತು. ಟ್ರೈಪಾಡ್ ಮಡಚಿ ಹೊರಟರು.

ಏಳು ಗಂಟೆಗೆ ಐದು ನಿಮಿಷ ಇರುವಾಗ ಪ್ರಾಪ್ತಿ ಎಂಬ ಹುಡುಗಿ ಸ್ಕೂಟರಿನಲ್ಲಿ ಬಂದು ಆ ಮೋರಿಯ ಗುಂಡಿಗೆ ಬಿದ್ದಳು. ಇಪ್ಪತ್ತನಾಲ್ಕು ವಯಸ್ಸು. ಮೂಡುಬಿದಿರೆಯ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟವಳು. ಗುಂಡಿಯಲ್ಲಿ ಕಬ್ಬಿಣದ ಸರಳುಗಳು ಎದ್ದು ನಿಂತಿದ್ದವು. ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗಿತ್ತು.

ಗುಂಡಿಯ ಕಾವಲಿಗೆ ಇದ್ದವರು ಅಲ್ಲಿಯವರೇ ಆದ ತುಕ್ರಪ್ಪ. ಐವತ್ತೆಂಟು ವರ್ಷದ ತೆಳ್ಳಗಿನ ಮನುಷ್ಯ. ರಸ್ತೆಯ ಗುತ್ತಿಗೆ ಕಂಪನಿ ಅವರಿಗೆ ಕೊಟ್ಟಿದ್ದ ಕೆಲಸ ದೊಡ್ಡದೇನಲ್ಲ. ಕತ್ತಲಾಗುವ ಮೊದಲು ಗುಂಡಿಯ ಎದುರಿನ ಡ್ರಮ್ಮಿನ ಮೇಲೆ ಬ್ಯಾಟರಿಯ ಕೆಂಪು ದೀಪ ಉರಿಸಿಡುವುದು, ಬೆಳಿಗ್ಗೆ ಆರಿಸುವುದು. ಆರೂ ಕಾಲಿಗೇ ಉರಿಸಿದ್ದೇನೆ ಎಂದು ಅವರು ಪೊಲೀಸರಿಗೆ ಹೇಳಿದರು. ಉರಿಸಲಿಲ್ಲ ಎಂದಿತು ಕಂಪನಿ. ದೀಪವನ್ನೇ ನೋಡಿ ಹೇಳುವ ಹಾಗಿರಲಿಲ್ಲ. ಡ್ರಮ್ಮಿನ ಸಮೇತ ಅದು ಸ್ಕೂಟರಿನಡಿಗೆ ಸಿಕ್ಕಿ ಚೂರಾಗಿ ಗುಂಡಿಯ ನೀರಿನಲ್ಲಿ ಬಿದ್ದಿತ್ತು.

ಭಟ್ಟರ ಫೋಟೋ ಇದರ ನಡುವೆ ಬಂದದ್ದು ಹೀಗೆ. ಭವನದ ಮಾಲೀಕರು ಅದನ್ನು ವಾಟ್ಸಾಪಿನ ಊರ ಗುಂಪಿಗೆ ಹಾಕಿದರು. ಯಾರೋ ಅದನ್ನು ದೊಡ್ಡದು ಮಾಡಿ, ಮೋರಿಯ ಜಾಗಕ್ಕೆ ವೃತ್ತ ಎಳೆದು, ದೀಪ ಎಲ್ಲುಂಟು ಎಂದು ಬರೆದರು. ಮರುದಿನ ಮಧ್ಯಾಹ್ನ ಪೊಲೀಸರು ಫೋನು ಮಾಡಿ, ಮೂಲ ಫೈಲ್ ಹಿಡಿದುಕೊಂಡು ಬನ್ನಿ ಎಂದರು.

ಠಾಣೆಯಲ್ಲಿ ತುಕ್ರಪ್ಪ ಬೆಂಚಿನ ತುದಿಯಲ್ಲಿ ಕೂತಿದ್ದರು. ಭಟ್ಟರು ಲ್ಯಾಪ್‌ಟಾಪ್ ತೆರೆದು ರಾ ಫೈಲನ್ನು ದೊಡ್ಡದು ಮಾಡಿ ತೋರಿಸಿದರು. ಭವನದ ದೀಪಗಳು ಕಣ್ಣು ಕೋರೈಸುತ್ತಿದ್ದವು. ರಸ್ತೆಯಲ್ಲಿ ಹೋದ ವಾಹನಗಳ ಬೆಳಕು ಉದ್ದ ಗೀರಾಗಿತ್ತು. ಡ್ರಮ್ಮಿನ ಆಕಾರ ಮಸುಕಾಗಿ ಇತ್ತು. ಅದರ ಮೇಲೆ ಏನೂ ಇರಲಿಲ್ಲ.

"ಇದರಲ್ಲಿ ಏನಾದ್ರೂ ತಿದ್ದುಪಡಿ ಆಗಿರ್ಲಿಕ್ಕೆ ಸಾಧ್ಯ ಉಂಟಾ ಭಟ್ರೆ?" ಎಂದು ಸಬ್ ಇನ್ಸ್‌ಪೆಕ್ಟರು ಕೇಳಿದರು.

"ಇಲ್ಲ. ಇದು ರಾ. ಕ್ಯಾಮೆರಾ ಕಂಡದ್ದು ಕಂಡ ಹಾಗೆ ಉಂಟು. ನಾನು ಮುಟ್ಟಲಿಲ್ಲ."

ಬೆಂಚಿನಿಂದ ಎದ್ದು ಬಂದ ತುಕ್ರಪ್ಪ ಪರದೆಯ ಹತ್ತಿರ ಮುಖ ತಂದರು. ತುಂಬ ಹೊತ್ತು ನೋಡಿದರು. ಆಮೇಲೆ ಭಟ್ಟರ ಕಡೆ ತಿರುಗಿ, "ನಾನು ಹಾಕಿದ್ದೆ ಭಟ್ರೆ" ಎಂದರು. ಅದು ವಾದದ ದನಿಯಾಗಿರಲಿಲ್ಲ, ಎಲ್ಲಿ ಹೋಯಿತು ಎಂದು ಕೇಳಿದ ಹಾಗಿತ್ತು.

"ನನಗೆ ನಿಮ್ಮ ಮೇಲೆ ಎಂತ ದ್ವೇಷ ಉಂಟು ತುಕ್ರಪ್ಪಣ್ಣ. ಫೋಟೋದಲ್ಲಿ ಇಲ್ಲ" ಎಂದರು ಭಟ್ಟರು. ಫೈಲಿನ ಪ್ರತಿ ಕೊಟ್ಟು, ಇದು ಅಸಲು, ಯಾವ ಬದಲಾವಣೆಯೂ ಆಗಿಲ್ಲ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಿ ಬಂದರು.

ಆಮೇಲೆ ನಡೆದದ್ದು ಅವರಿಗೆ ತುಂಡು ತುಂಡಾಗಿ ತಿಳಿಯಿತು. ಕಂಪನಿಯವರು ತುಕ್ರಪ್ಪನವರನ್ನು ಕೆಲಸದಿಂದ ತೆಗೆದರು. ಆದರೂ ಅವರಿಗೊಬ್ಬ ವಕೀಲನನ್ನು ತಾವೇ ಗೊತ್ತು ಮಾಡಿಕೊಟ್ಟರು. ಆ ವಕೀಲ, ಫೋಟೋ ಇರುವಾಗ ವಾದ ಮಾಡಿ ಪ್ರಯೋಜನ ಇಲ್ಲ, ತಪ್ಪೊಪ್ಪಿಕೊಂಡರೆ ಸಣ್ಣದರಲ್ಲಿ ಮುಗಿಯುತ್ತದೆ ಎಂದ. ತುಕ್ರಪ್ಪ ಒಪ್ಪಿಕೊಂಡರು. ಆರು ತಿಂಗಳು ಜೈಲಾಯಿತು. ಕೆಲಸಗಾರನ ತಪ್ಪು ಎಂದು ಬರೆದಾದ ಮೇಲೆ ಕಂಪನಿಯ ಹತ್ತಿರ ಯಾರೂ ಏನೂ ಕೇಳಲಿಲ್ಲ. ಜೈಲಿನಿಂದ ಹೊರಬಂದ ದಿನ ತುಕ್ರಪ್ಪ ಮನೆಗೂ ಹೋಗದೆ ನೇರ ಪ್ರಾಪ್ತಿಯ ಮನೆಗೆ ಹೋಗಿ, ಅಂಗಳದಲ್ಲಿ ನಿಂತು ಅವಳ ತಾಯಿ ಕಾಂತಿಯ ಹತ್ತಿರ ಕ್ಷಮೆ ಕೇಳಿದರಂತೆ ಎಂಬ ಸುದ್ದಿಯೂ ಬಂತು. ಕೇಳಿದಾಗ ಭಟ್ಟರಿಗೆ ಸಂಕಟವಾಯಿತು. ಅದರ ಜೊತೆಗೆ, ಪಾಪ, ಕೊನೆಗೂ ಸತ್ಯ ಹೇಳಿದರಲ್ಲ ಎಂಬ ಸಮಾಧಾನವೂ ಇತ್ತು. ಆ ಸಮಾಧಾನವನ್ನು ನೆನೆದು ಅವರು ಮುಂದೆ ಎಷ್ಟೋ ಸಲ ನಾಚಿದರು.

ಅಪಘಾತವಾಗಿ ಒಂದು ವರ್ಷದ ಮೇಲೆ, ಡಿಸೆಂಬರಿನಲ್ಲಿ ತಂಗಿ ವಸುಧಾ ಅವರನ್ನು ಬೆಳ್ತಂಗಡಿಗೆ ಕರೆಸಿಕೊಂಡಳು. ಅವಳು ಅಲ್ಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮಕ್ಕಳಿಗೆ ಕೃತ್ತಿಕಾ ನಕ್ಷತ್ರದ ಗುಂಪಿನ ಪಾಠ ಇತ್ತು. ನಿನ್ನ ಒಳ್ಳೆ ಕ್ಯಾಮೆರಾದಲ್ಲಿ ತೆಗೆದುಕೊಡು ಅಣ್ಣ, ಮಕ್ಕಳು ಎಣಿಸಲಿ ಎಂದಿದ್ದಳು. ಭಟ್ಟರು ಸಂಜೆ ಏಳೂವರೆಗೆ ಶಾಲೆಯ ಆಟದ ಮೈದಾನದಲ್ಲಿ ನಿಂತು ಎರಡು ಫೋಟೋ ತೆಗೆದರು. ಒಂದಕ್ಕೆ ಎರಡು ಸೆಕೆಂಡು, ಇನ್ನೊಂದಕ್ಕೆ ಎಂಟು. ಹೆಚ್ಚು ಹೊತ್ತು ತೆರೆದಿಟ್ಟರೆ ಹೆಚ್ಚು ಬೆಳಕು ಬೀಳುತ್ತದೆ, ಮಂದವಾದ ನಕ್ಷತ್ರಗಳೂ ಕಾಣುತ್ತವೆ ಎಂದು ಮಕ್ಕಳಿಗೆ ವಿವರಿಸಿ, ಎರಡರ ರಾ ಫೈಲನ್ನೂ ತಂಗಿಗೆ ಕೊಟ್ಟು ಬಂದರು.

ನಾಲ್ಕು ದಿನ ಬಿಟ್ಟು ವಸುಧಾಳ ಫೋನು ಬಂತು.

"ಅಣ್ಣ, ನೀನು ಎರಡು ಫೈಲಿನ ಹೆಸರು ಅದಲು ಬದಲು ಮಾಡಿದ್ದೀಯಾ?"

"ಇಲ್ಲ. ಯಾಕೆ?"

"ಎರಡು ಸೆಕೆಂಡಿನದ್ದರಲ್ಲಿ ಮಕ್ಕಳು ನಲವತ್ತಮೂರು ಎಣಿಸಿದ್ರು. ಎಂಟು ಸೆಕೆಂಡಿನದ್ದರಲ್ಲಿ ಇಪ್ಪತ್ತೆರಡೇ ಸಿಕ್ಕಿದ್ದು. ನಾನೂ ಎಣಿಸಿದೆ. ಹೆಚ್ಚು ಆಗ್ಬೇಕಿತ್ತಲ್ಲ?"

"ಮೋಡ ಬಂದಿರ್ಬೇಕು."

"ಮೋಡ ಅಲ್ಲ. ದೊಡ್ಡ ನಕ್ಷತ್ರ ಎಲ್ಲ ಹಾಗೇ ಉಂಟು. ಸಣ್ಣದು ಮಾತ್ರ ಇಲ್ಲ. ನಾನು ಇಂಟರ್‌ನೆಟ್ಟಿನಲ್ಲಿ ಹುಡುಕಿದೆ ಅಣ್ಣ. ನಿನ್ನ ಕ್ಯಾಮೆರಾದ ಬಗ್ಗೆ ನಕ್ಷತ್ರದ ಫೋಟೋ ತೆಗೆಯುವವರು ಎಷ್ಟೋ ದೂರು ಬರೆದಿದ್ದಾರೆ. ನಕ್ಷತ್ರ ತಿನ್ನುವ ಕ್ಯಾಮೆರಾ ಅಂತ ಅದಕ್ಕೆ ಹೆಸರೇ ಬಿದ್ದಿದೆಯಂತೆ."

ವಸುಧಾ ತರಗತಿಯಲ್ಲಿ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. ಹೆಚ್ಚು ಹೊತ್ತು ಷಟರ್ ತೆರೆದಿಟ್ಟರೆ ಸೆನ್ಸರ್ ಬಿಸಿಯಾಗಿ ಅಲ್ಲಲ್ಲಿ ಒಂಟಿ ಬೆಳಕಿನ ಚುಕ್ಕೆಗಳು ತಾವಾಗಿ ಹುಟ್ಟಿಕೊಳ್ಳುತ್ತವೆ. ಅವು ಸುಳ್ಳು ಚುಕ್ಕೆಗಳು. ಆದ್ದರಿಂದ ಮೂರು ಸೆಕೆಂಡು ದಾಟಿದ ಫೋಟೋಗಳಲ್ಲಿ ಈ ಕ್ಯಾಮೆರಾ ಅಂಥ ಒಂಟಿ ಚುಕ್ಕೆಯನ್ನು ಹುಡುಕಿ, ಅಕ್ಕಪಕ್ಕದ ಬಣ್ಣದಿಂದ ಮುಚ್ಚಿಬಿಡುತ್ತದೆ. ನಿಜವಾದ ಚುಕ್ಕೆ ಯಾವುದು, ಸುಳ್ಳು ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಸಾಕಷ್ಟು ಸಣ್ಣದಿದ್ದರೆ ಎರಡೂ ಹೋಗುತ್ತವೆ.

"ಅದು ಮಾಮೂಲಿ ಫೋಟೋದಲ್ಲಿ" ಎಂದರು ಭಟ್ಟರು. "ರಾದಲ್ಲಿ ಹಾಗಾಗುವುದಿಲ್ಲ. ಮೆನುವಿನಲ್ಲಿ ಎಲ್ಲ ಬಂದ್ ಮಾಡಿಟ್ಟಿದ್ದೇನೆ ನಾನು."

"ರಾ ಬರೆಯುವ ಮೊದಲೇ ಮಾಡ್ತದಂತೆ ಅಣ್ಣ. ಅದನ್ನು ಬಂದ್ ಮಾಡ್ಲಿಕ್ಕೆ ಮೆನುವಿನಲ್ಲಿ ಜಾಗವೇ ಇಲ್ಲ. ನೀನು ಬೇಯಿಸದ ಬೆಳ್ತಿಗೆ ಅಕ್ಕಿ ಅಂತ ತಿಳ್ಕೊಂಡದ್ದು ಕುಚ್ಚಲಕ್ಕಿ. ನೋಡ್ಲಿಕ್ಕೆ ಅಕ್ಕಿಯೇ, ಆದ್ರೆ ಒಮ್ಮೆ ಬೆಂದೇ ಬಂದದ್ದು."

ಫೋನು ಇಟ್ಟ ಮೇಲೆ ಭಟ್ಟರು ಸ್ಟುಡಿಯೋದ ಕುರ್ಚಿಯಲ್ಲಿ ಕೂತೇ ಇದ್ದರು. ಕೆಳಗೆ ಬಸ್ಸಿನ ಕಂಡಕ್ಟರುಗಳು ಊರಿನ ಹೆಸರು ಕೂಗುತ್ತಿದ್ದರು. ಮೂಡುಬಿದಿರೆ, ಮೂಡುಬಿದಿರೆ ಎಂಬ ಕೂಗು ಕಿವಿಗೆ ಬಿದ್ದಾಗ ಅವರು ತೋಡಾರಿನ ಫೋಟೋದ ಫೈಲು ತೆರೆದು, ಷಟರ್ ಎಷ್ಟು ಹೊತ್ತು ತೆರೆದಿತ್ತೆಂದು ನೋಡಿದರು. ಆರು ಸೆಕೆಂಡು.

ಮರುದಿನ ಅವರು ಹಾರ್ಡ್‌ವೇರ್ ಅಂಗಡಿಯಲ್ಲಿ ರಸ್ತೆ ಕೆಲಸದವರು ಇಡುವಂಥದ್ದೇ ಒಂದು ಕೆಂಪು ದೀಪ ಕೊಂಡು, ಝಕರಿಯಾನ ರಿಕ್ಷಾ ಹತ್ತಿದರು. ಝಕರಿಯಾ ಇಪ್ಪತ್ತು ವರ್ಷದಿಂದ ಭಟ್ಟರನ್ನು ಮಹಜರುಗಳಿಗೆ ಕರೆದುಕೊಂಡು ಹೋದವರು. ಎಲ್ಲಿಗೆ, ಯಾಕೆ ಎಂದು ಕೇಳುವ ಅಭ್ಯಾಸ ಅವರಿಗಿಲ್ಲ. ತೋಡಾರಿನಲ್ಲಿ ಮೋರಿಯ ಕೆಲಸ ಮುಗಿದು ರಸ್ತೆ ನುಣ್ಣಗಾಗಿತ್ತು. ಡ್ರಮ್ಮು ಇದ್ದ ಜಾಗದಲ್ಲಿ, ಅದೇ ಎತ್ತರಕ್ಕೆ, ಒಂದು ಕೋಲು ನೆಟ್ಟು ದೀಪ ಕಟ್ಟುವಂತೆ ಹೇಳಿ ಭಟ್ಟರು ಗುಡ್ಡದ ಮನೆಯ ತಾರಸಿಗೆ ಹೋದರು. ಅದೇ ಲೆನ್ಸು, ಅದೇ ಜಾಗ. ಆರೂ ನಲವತ್ತಕ್ಕೆ ಝಕರಿಯಾನ ಫೋನು ಬಂತು.

"ಭಟ್ರೆ, ಲೈಟ್ ಹಾಕಿದ್ದೇನೆ. ಕಾಣ್ತದಾ?"

"ಕಣ್ಣಿಗೆ ಕಾಣ್ತದೆ." ಕಾಣುತ್ತಿತ್ತು. ಒಂದು ಕುಂಕುಮದ ಚುಕ್ಕೆಯಷ್ಟು.

ಮೊದಲು ಎರಡು ಸೆಕೆಂಡಿಗೆ ತೆಗೆದರು. ಪರದೆಯಲ್ಲಿ ದೊಡ್ಡದು ಮಾಡಿದರು. ದೀಪ ಇತ್ತು. ಆರು ಸೆಕೆಂಡಿಗೆ ತೆಗೆದರು. ದೀಪ ಇರಲಿಲ್ಲ. ಕೋಲು ಇತ್ತು, ಅದರ ತುದಿಯಲ್ಲಿ ಕತ್ತಲೆ ಇತ್ತು. ಮತ್ತೆ ಎರಡು, ಮತ್ತೆ ಆರು. ಹನ್ನೊಂದು ಸಲ ತೆಗೆದರು. ಹನ್ನೊಂದು ಸಲವೂ ಹಾಗೇ ಆಯಿತು.

"ಭಟ್ರೆ, ಸಾಕಾ? ಇಲ್ಲಿ ಜನ ಸೇರ್ತಾ ಇದ್ದಾರೆ, ಎಂತ ಅಂತ ಕೇಳ್ತಾರೆ" ಎಂದರು ಝಕರಿಯಾ ಫೋನಿನಲ್ಲಿ. ಭಟ್ಟರು ತಾರಸಿಯ ಕಟ್ಟೆ ಹಿಡಿದು ಕೂತುಬಿಟ್ಟರು. ಝಕರಿಯಾ ತಾನೇ ದೀಪ ಬಿಚ್ಚಿಕೊಂಡು ಮೇಲೆ ಬಂದು, ಅವರ ಮುಖ ನೋಡಿ, ಟ್ರೈಪಾಡ್ ಮಡಚಿ ಹೆಗಲಿಗೆ ಹಾಕಿಕೊಂಡರು.

ಶುಭಶ್ರೀಗೆ ಅವರು ಎಲ್ಲವನ್ನೂ ಹೇಳಿದರು. ಅವಳು ಪೂರ್ತಿ ಕೇಳಿ ಅವರೆದುರು ಕೂತಳು.

"ನಿಮ್ಮ ಹತ್ರ ಯಾರಾದ್ರೂ ಕೇಳಿದ್ರಾ?"

"ಇಲ್ಲ."

"ಅವರೇ ತಪ್ಪೊಪ್ಪಿಕೊಂಡಿದ್ದಾರೆ. ಜೈಲು ಮುಗಿಸಿ ಬಂದಾಗಿದೆ. ಈಗ ನೀವು ಹೋಗಿ ಹೇಳಿದ್ರೆ ಆರು ತಿಂಗಳು ವಾಪಸು ಬರ್ತದಾ? ಮೂವತ್ತು ವರ್ಷದಲ್ಲಿ ನೀವು ಸಹಿ ಹಾಕಿದ ಫೋಟೋ ಎಲ್ಲ ಎತ್ತಿ ಕೇಳ್ತಾರೆ ಜನ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಭಟ್ಟರು ಮೂರು ದಿನ ಸ್ಟುಡಿಯೋ ತೆರೆಯಲಿಲ್ಲ. ಹಳೆಯ ಹಾರ್ಡ್ ಡಿಸ್ಕುಗಳನ್ನು ತೆಗೆದು, ಆ ಕ್ಯಾಮೆರಾದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದ ಮಹಜರಿನ ಫೋಟೋ ಬೇರೆ ಇದೆಯೇ ಎಂದು ಒಂದೊಂದನ್ನೇ ನೋಡಿದರು. ಸಿಕ್ಕಲಿಲ್ಲ. ಉಳಿದವೆಲ್ಲ ಫ್ಲ್ಯಾಶ್ ಹಾಕಿ ಕ್ಷಣದಲ್ಲಿ ತೆಗೆದವು. ನಾಲ್ಕನೆಯ ದಿನ ಬೆಳಿಗ್ಗೆ ಶರ್ಟು ಹಾಕಿಕೊಂಡು ಹೊರಟಾಗ ಶುಭಶ್ರೀ ಬಾಗಿಲಿನವರೆಗೆ ಬಂದು, "ಊಟಕ್ಕೆ ಬರ್ತೀರಲ್ಲ?" ಎಂದಷ್ಟೇ ಕೇಳಿದಳು.

ತುಕ್ರಪ್ಪನವರ ಮನೆ ತೋಡಾರಿನಿಂದ ಒಳಗೆ ಎರಡು ಕಿಲೋಮೀಟರ್. ಅವರು ಜಗಲಿಯಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದರು. ಜೈಲಿನಿಂದ ಬಂದ ಮೇಲೆ ಕೂಲಿಗೆ ಯಾರೂ ಕರೆಯುತ್ತಿರಲಿಲ್ಲ. ಹೆಂಡತಿ ಪೂವಮ್ಮ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದರು. ಭಟ್ಟರು ನಿಂತುಕೊಂಡೇ ವಿಷಯ ಹೇಳಿದರು. ಲ್ಯಾಪ್‌ಟಾಪ್ ತೆರೆದು ಎರಡು ಸೆಕೆಂಡಿನ ಫೋಟೋ, ಆರು ಸೆಕೆಂಡಿನ ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿದರು.

ತುಕ್ರಪ್ಪ ಎರಡನ್ನೂ ನೋಡಿದರು. ಮತ್ತೆ ಬುಟ್ಟಿ ಕೈಗೆತ್ತಿಕೊಂಡರು.

"ಇಲ್ಲ ಭಟ್ರೆ. ನಾನು ಲೈಟ್ ಹಾಕ್ಲಿಲ್ಲ."

"ಹಾಕಿದ್ದೀರಿ. ನೀವೇ ಹೇಳಿದ್ರಿ ಠಾಣೆಯಲ್ಲಿ."

"ಆಗ ಹಾಗೆ ನೆನಪಿತ್ತು. ಆಮೇಲೆ ಕೂತು ಯೋಚನೆ ಮಾಡಿದೆ. ಹಾಕಿದ್ದು ಅದರ ಹಿಂದಿನ ದಿನ. ಅವತ್ತು ಡ್ರಮ್ಮಿನ ಹತ್ರ ಹೋದೆ, ಸ್ವಿಚ್ಚು ಒತ್ಲಿಲ್ಲ. ಈಗ ನನಗೆ ಸರೀ ನೆನಪುಂಟು. ಒತ್ಲಿಲ್ಲ." ಅವರ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ನನ್ನ ಮೇಲೆ ಕನಿಕರದಿಂದ ನೀವು ಹೀಗೆ ಹೇಳ್ತಾ ಇದ್ದೀರಿ. ಬೇಡ."

ಒಳಗಿನಿಂದ ಪೂವಮ್ಮ ಹೊರಗೆ ಬಂದರು. ಮಡಿಲಲ್ಲಿ ಬೀಡಿ ಎಲೆಯ ಚೂರುಗಳು ಅಂಟಿಕೊಂಡಿದ್ದವು.

"ಆರೂವರೆಗೆ ನಾನು ಚಾ ತೆಗೆದುಕೊಂಡು ಹೋಗಿದ್ದೆ ಭಟ್ರೆ. ಲೈಟ್ ಉರೀತಾ ಇತ್ತು. ಪೊಲೀಸರಿಗೆ ಹೇಳಿದೆ, ಹೆಂಡತಿ ಮಾತು ಆಗುವುದಿಲ್ಲ ಅಂದ್ರು. ಆ ವಕೀಲರಿಗೆ ಹೇಳಿದೆ. ಇವರಿಗೆ ದಿನಾ ಹೇಳಿದೆ. ನೀನು ತಪ್ಪು ನೋಡಿದ್ದು, ಫೋಟೋ ತಪ್ಪು ಹೇಳ್ತದಾ ಅಂತ ನನಗೇ ಬೈದ್ರು." ಅವರು ಭಟ್ಟರ ಕಡೆ ತಿರುಗಿದರು. "ನೀವು ಅಲ್ಲೇ ಇದ್ರಲ್ಲ ಅವತ್ತು. ನೀವು ನೋಡ್ಲಿಲ್ವಾ?"

"ನಾನು ಕ್ಯಾಮೆರಾ ನೋಡ್ತಾ ಇದ್ದೆ ಪೂವಮ್ಮ" ಎಂದರು ಭಟ್ಟರು.

ಭಟ್ಟರು ಮೂಡುಬಿದಿರೆಯ ಒಬ್ಬ ವಕೀಲರನ್ನು ಕಂಡರು. ತಾನೇ ಒಪ್ಪಿಕೊಂಡ ತಪ್ಪನ್ನು ತೆಗೆಸುವುದು ಸುಲಭವಲ್ಲ, ಆದರೂ ಮಂಗಳೂರಿನ ಮೇಲಿನ ಕೋರ್ಟಿಗೆ ಅರ್ಜಿ ಹಾಕಿ ನೋಡಬಹುದು ಎಂದರು ಅವರು. ಭಟ್ಟರ ಪ್ರಮಾಣಪತ್ರ ತಪ್ಪಾಗಿತ್ತೆಂದು ಭಟ್ಟರೇ ಬರೆದುಕೊಡಬೇಕು. ಅದಕ್ಕೆ ಭಟ್ಟರು ತಯಾರಿದ್ದರು. ಆದರೆ ಅರ್ಜಿಗೆ ತುಕ್ರಪ್ಪನ ಸಹಿ ಬೇಕು. ಅದಕ್ಕೆ ತುಕ್ರಪ್ಪ ತಯಾರಿರಲಿಲ್ಲ. ಭಟ್ಟರು ಎರಡು ಸಲ ಹೋದರು. ಎರಡು ಸಲವೂ ಅವರು ಬುಟ್ಟಿಯಿಂದ ತಲೆ ಎತ್ತದೆ, ಬೇಡ ಎಂದರು.

ಕೊನೆಗೆ ಭಟ್ಟರು ತಾನು ಎಲ್ಲಕ್ಕಿಂತ ಹೆಚ್ಚು ಹೆದರಿದ್ದ ಜಾಗಕ್ಕೆ ಹೋದರು. ಪ್ರಾಪ್ತಿಯ ತಾಯಿ ಕಾಂತಿ ಮೂಡುಬಿದಿರೆಯಲ್ಲಿ ಗಂಡನ ಜೊತೆ ಒಂದು ಸಣ್ಣ ಹೊಟೇಲು ನಡೆಸುತ್ತಿದ್ದರು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ, ಖಾಲಿ ಮೇಜಿನ ಎದುರು ಕೂತು ಅವರು ಭಟ್ಟರ ಮಾತನ್ನು ಪೂರ್ತಿ ಕೇಳಿದರು. ಗಲ್ಲಾಪೆಟ್ಟಿಗೆಯ ಮೇಲೆ ಮಗಳ ಫೋಟೋ ಇತ್ತು, ಮಾಲೆ ಹಾಕಿತ್ತು.

"ಅವರು ಬಂದು ಅಂಗಳದಲ್ಲಿ ನಿಂತಾಗ ನನಗೆ ಕೈಯಲ್ಲಿ ಸಿಕ್ಕಿದ್ದನ್ನು ಎತ್ತಿ ಹೊಡೆಯುವ ಅಂತ ಆಗಿತ್ತು" ಎಂದರು ಕಾಂತಿ. "ಹೊಡೀಲಿಲ್ಲ. ಕ್ಷಮಿಸಿದ್ದೇನೆ, ಹೋಗಿ ಅಂದೆ. ಅಷ್ಟು ಹೇಳ್ಲಿಕ್ಕೆ ನನಗೆ ಎಷ್ಟು ಕಷ್ಟ ಆಗಿದೆ ಅಂತ ನಿಮಗೆ ಗೊತ್ತಿಲ್ಲ. ಈಗ ನೀವು ಬಂದು ಅವರ ತಪ್ಪೇ ಇಲ್ಲ ಅಂತೀರಿ. ಹಾಗಾದ್ರೆ ನಾನು ಕ್ಷಮಿಸಿದ್ದು ಎಂತದನ್ನು?"

ತಪ್ಪು ನನ್ನ ಸಹಿಯದ್ದು ಎಂದರು ಭಟ್ಟರು.

"ನಿಮ್ಮನ್ನು ನಾನು ಕ್ಷಮಿಸ್ತೇನೆ ಅಂತ ಹೇಳುವುದಿಲ್ಲ ಭಟ್ರೆ. ಆ ಮಾತು ನನ್ನ ಹತ್ರ ಇನ್ನೊಂದು ಸಲಕ್ಕೆ ಉಳಿದಿಲ್ಲ." ಕಾಂತಿ ಎದ್ದು ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡು ಬಂದರು. "ಹೋಗುವ. ಅವರ ಮನೆ ತೋರಿಸಿ."

ಝಕರಿಯಾನ ರಿಕ್ಷಾದಲ್ಲಿ ಹೋದರು. ಕಾಂತಿಯನ್ನು ಕಂಡದ್ದೇ ತುಕ್ರಪ್ಪ ಜಗಲಿಯಿಂದಿಳಿದು ಅಂಗಳದಲ್ಲಿ ಕೈ ಕಟ್ಟಿ ನಿಂತರು.

"ತುಕ್ರಪ್ಪಣ್ಣ, ಲೈಟ್ ಇತ್ತಂತೆ" ಎಂದರು ಕಾಂತಿ.

ತುಕ್ರಪ್ಪ ಅವರ ಮುಖ ನೋಡಿದರು. ಭಟ್ಟರು ಮೂರು ಸಲ ಹೇಳಿದಾಗ ಆಗದೆ ಇದ್ದದ್ದು ಈಗ ಆಯಿತು. ಅವರು ಅಲ್ಲ ಎನ್ನಲಿಲ್ಲ, ಕೇಳಿದರು.

"ಲೈಟ್ ಇದ್ದಿದ್ರೆ ಮಗು ಯಾಕೆ ಬಿದ್ದದ್ದು ಅಕ್ಕ?"

ಒಂದು ವರ್ಷದಿಂದ ಅವರು ಆ ಪ್ರಶ್ನೆಗೆ ಉತ್ತರವಾಗಿ ತನ್ನನ್ನೇ ಇಟ್ಟುಕೊಂಡು ಬದುಕಿದ್ದರು ಎಂಬುದು ಭಟ್ಟರಿಗೆ ಆಗ ಅರ್ಥವಾಯಿತು. ಲೈಟ್ ಇರಲಿಲ್ಲ, ಆದ್ದರಿಂದ ಬಿದ್ದಳು. ತಾನು ಹಾಕಲಿಲ್ಲ, ಆದ್ದರಿಂದ ಇರಲಿಲ್ಲ. ಅದನ್ನು ಕಿತ್ತುಕೊಂಡರೆ ಅವರ ಕೈಯಲ್ಲಿ ಆ ಹುಡುಗಿಯ ಸಾವು ಕಾರಣವಿಲ್ಲದೆ ಉಳಿಯುತ್ತಿತ್ತು.

ಕಾಂತಿ ಜಗಲಿಯ ಅಂಚಿನಲ್ಲಿ ಕೂತರು.

"ನಾನು ಹನ್ನೊಂದನೇ ದಿನದ ಬೊಜ್ಜದ ಕ್ರಿಯೆ ಮುಗಿದ ಮೇಲೆ ಆ ಜಾಗಕ್ಕೆ ಹೋಗಿದ್ದೆ. ಗುಂಡಿ ಆಗಲೂ ಹಾಗೇ ಇತ್ತು. ಬೇರೆ ಒಂದು ಡ್ರಮ್ಮು, ಒಂದು ರಿಬ್ಬನ್ನು. ತಿರುವು ದಾಟಿ ಬರುವಾಗ ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೀತದೆ. ಅಷ್ಟು ಸಣ್ಣ ಲೈಟು ಯಾರಿಗೂ ಕಾಣುವುದಿಲ್ಲ. ಹತ್ತು ಇಡಬೇಕಾದಲ್ಲಿ ಕಂಪನಿಯವರು ನಿಮ್ಮ ಕೈಯಲ್ಲಿ ಒಂದು ಕೊಟ್ಟರು. ಆ ಒಂದನ್ನು ನೀವು ಹಾಕಿದ್ರಿ."

ತುಕ್ರಪ್ಪ ಅಂಗಳದಲ್ಲೇ ಕುಕ್ಕರಗಾಲಿನಲ್ಲಿ ಕೂತು, ಹೆಗಲ ಮೇಲಿದ್ದ ಬೈರಾಸು ಮುಖಕ್ಕೆ ಒತ್ತಿಕೊಂಡು ಅತ್ತರು. ಪೂವಮ್ಮ ಅವರ ಪಕ್ಕ ಬಂದು ನಿಂತರು, ಮುಟ್ಟಲಿಲ್ಲ. ಸಹಿ ಮರುದಿನ ಸಿಕ್ಕಿತು.

ಕೋರ್ಟಿನಲ್ಲಿ ಭಟ್ಟರ ಪಾಲಿಗೆ ಸುಲಭದ್ದೇನೂ ಆಗಲಿಲ್ಲ. ಅಂದು ಮುಟ್ಟಿಲ್ಲ ಎಂದು ಸಹಿ ಹಾಕಿದ್ದಿರಿ, ಇಂದು ಕ್ಯಾಮೆರಾ ಮುಟ್ಟಿದೆ ಎಂದು ಸಹಿ ಹಾಕುತ್ತೀರಿ, ನಿಮ್ಮ ಯಾವ ಸಹಿಯನ್ನು ನಂಬಬೇಕು ಎಂದು ಕಂಪನಿಯ ವಕೀಲರು ಬರೆದುಕೊಟ್ಟರು. ಅದು ಪೇಪರಿನಲ್ಲೂ ಬಂತು. ಪೊಲೀಸರು ಮಹಜರಿಗೆ ಬೇರೆಯವರನ್ನು ಕರೆಯತೊಡಗಿದರು. ಭಟ್ಟರು ಅದನ್ನು ನ್ಯಾಯವೆಂದೇ ತಿಳಿದರು. ಕೋರ್ಟು ಒಬ್ಬ ತಜ್ಞರಿಂದ ಆ ಕ್ಯಾಮೆರಾವನ್ನು ಪರೀಕ್ಷೆ ಮಾಡಿಸಿತು. ತಜ್ಞರ ವರದಿ ವಸುಧಾ ಫೋನಿನಲ್ಲಿ ಹೇಳಿದ್ದನ್ನೇ ಹನ್ನೆರಡು ಪುಟಗಳಲ್ಲಿ ಹೇಳಿತು. ಹದಿನಾಲ್ಕು ತಿಂಗಳ ಮೇಲೆ, ಶಿಕ್ಷೆ ರದ್ದಾಗಿದೆ, ಪ್ರಕರಣ ಮೊದಲಿನಿಂದ ತನಿಖೆಯಾಗಲಿ ಎಂಬ ಆದೇಶ ಬಂತು. ಹೊಸ ತನಿಖೆಯಲ್ಲಿ ಕಂಪನಿಯ ಎಂಜಿನಿಯರನ್ನು ವಿಚಾರಿಸಬೇಕಿತ್ತು. ಆತ ಆಗಲೇ ಬೇರೆ ರಾಜ್ಯದ ಕೆಲಸಕ್ಕೆ ಹೋಗಿ ಆಗಿತ್ತು.

ಆದೇಶದ ದಿನ ಮಧ್ಯಾಹ್ನ, ಮಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಭಟ್ಟರು ತುಕ್ರಪ್ಪ, ಪೂವಮ್ಮ ಇಬ್ಬರನ್ನೂ ಮೂಡುಬಿದಿರೆಯ ಬಸ್ಸಿಗೆ ಹತ್ತಿಸಲು ನಿಂತಿದ್ದರು. ತುಕ್ರಪ್ಪ ಬಸ್ಸು ತೋಡಾರಿನಲ್ಲಿ ನಿಲ್ಲುತ್ತದೋ ಇಲ್ಲವೋ ಎಂದು ಕಂಡಕ್ಟರನನ್ನು ಕೇಳಲು ಹೋದರು.

"ಈಗಾದ್ರೂ ಅವರಿಗೆ ಸ್ವಲ್ಪ ಸಮಾಧಾನ ಆ‌ಯ್ತಾ ಪೂವಮ್ಮ?" ಎಂದು ಕೇಳಿದರು ಭಟ್ಟರು.

ಪೂವಮ್ಮ ಗಂಡ ಹೋದ ಕಡೆಗೇ ನೋಡುತ್ತಿದ್ದರು.

"ಮೊದಲು ನಿದ್ದೆಯಿಂದ ಎದ್ದು ಕೂತು, ಲೈಟ್ ಹಾಕ್ಲಿಲ್ಲ ಅಂತಿದ್ರು. ಈಗಲೂ ಎದ್ದು ಕೂರ್ತಾರೆ. ಇನ್ನೂ ನಾಲ್ಕು ಲೈಟ್ ಕೊಡಿ ಅಂತ ನಾನು ಕಂಪನಿಯವರ ಹತ್ರ ಕೇಳಬೇಕಿತ್ತು ಅಂತಾರೆ."

ತುಕ್ರಪ್ಪ ದೂರದಿಂದ ಕೈ ಮಾಡಿದರು. ಬಸ್ಸು ನಿಲ್ಲುತ್ತದಂತೆ. ಪೂವಮ್ಮ ಆದೇಶದ ಪ್ರತಿ ಇದ್ದ ಪ್ಲಾಸ್ಟಿಕ್ ಚೀಲವನ್ನು ಕಂಕುಳಿಗೆ ಒತ್ತಿಕೊಂಡು, "ಬರ್ತೇವೆ ಭಟ್ರೆ" ಎಂದು ಹೇಳಿ ಹೋದರು.